ತಿಥಿಯೂ ಅಂಕಿತವೂ: ಭೀಮಾತೀರದ ಬರಹದಲ್ಲಿ ದಿನಚರಿಯ ವಿಚಾರ

ಶಿವಶರಣರ ವಚನಗಳೆಂದರೆ ಅವರ ದಿನಚರಿಗಳೇ ಸರಿ ಎಂಬ ಮಾತು ವಿಮರ್ಶೆಯಲ್ಲಿಯೂ ಪಾಠದ ಕೊಠಡಿಯಲ್ಲಿಯೂ ಆಗಾಗ ಕೇಳಿಬರುವುದುಂಟು. ಮಾತು ಕಿವಿಗೆ ಹಿತವಾದುದು. 12ನೆಯ ಶತಮಾನದ ಕನ್ನಡಿಗನು ತನ್ನ ದಿನದಿನದ ಅನುಭವವನ್ನು ತನ್ನ ಮನೆಯ ನುಡಿಯಲ್ಲಿಯೇ ಬರೆದಿಟ್ಟನೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಗೂ ಅವಕಾಶವುಂಟು. ಆದರೆ ಹಿತವಾದ ಮಾತೆಲ್ಲವೂ ನಿಷ್ಕೃಷ್ಟವಾದ ಮಾತಾಗಿರಬೇಕೆಂಬ ನಿಯಮವಿಲ್ಲ. ದಿನಚರಿಗೆ ಎರಡು ಗುರುತುಗಳು ಅವಶ್ಯಕ: ಇದು ಇಂಥ ದಿನದ್ದೆಂಬುದು ಒಂದು, ಇದು ಇಂಥವನ ಅನುಭವವೆಂಬುದು ಮತ್ತೊಂದು. ಮೊದಲನೆಯದನ್ನು ತಿಥಿಯೆಂದೂ, ಎರಡನೆಯದನ್ನು ವಚನಕಾರರಿಂದಲೇ ಎರವು ಪಡೆದ ಮಾತಿನಲ್ಲಿ ಅಂಕಿತವೆಂದೂ ಕರೆಯಬಹುದು. ವಚನದಲ್ಲಿ ಅಂಕಿತವುಂಟು, ತಿಥಿಯಿಲ್ಲ. ಶಾಸನದಲ್ಲಿ ತಿಥಿಯುಂಟು, ಅಂತರಂಗವಿಲ್ಲ. ಕನ್ನಡದ ಹಳೆಯ ಬರಹದಲ್ಲಿ ಇವೆರಡೂ ಒಂದೇ ಹಾಳೆಯ ಮೇಲೆ ಕೂಡಿಬಂದುದು ಬಹು ವಿರಳ. ಅವು ಏಕೆ ಅಗಲಿ ನಿಂತುವು, ಆ ಅಗಲಿಕೆಯಿಂದ ಸಾಹಿತ್ಯಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂಬುದನ್ನು ಪರಿಶೀಲಿಸುವುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಷ್ಟು ಅನುಕೂಲವಾದ ಸೀಮೆ ಮತ್ತೊಂದು ದೊರೆಯುವುದು ಕಷ್ಟ.

ಮೊದಲು ಶಬ್ದವಿಚಾರ. ‘ದಿನಚರಿ’ ಎಂಬುದು ಸಂಸ್ಕೃತದ ‘ದಿನಚರ್ಯಾ’ ಶಬ್ದದಿಂದ ಬಂದುದು. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯಕ್ಕೆ ಇದೇ ಹೆಸರು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಹಲ್ಲುಜ್ಜುವುದು, ಕಣ್ಣಿಗೆ ಅಂಜನವನ್ನಿಡುವುದು, ಅಭ್ಯಂಗ, ವ್ಯಾಯಾಮ, ಸ್ನಾನ, ಹೀಗೆ ಆರೋಗ್ಯವಂತನು ದಿನವನ್ನು ಕಳೆಯತಕ್ಕ ರೀತಿಯನ್ನು ಅದು ವಿಧಿಸುತ್ತದೆ. ಅಂದರೆ ಮೂಲದಲ್ಲಿ ಈ ಶಬ್ದವು ನಡೆದುದನ್ನಲ್ಲ, ನಡೆಯಬೇಕಾದುದನ್ನು ಹೇಳುತ್ತಿದ್ದಿತು. ಒಂದು ದಿನ ಏನಾಯಿತೆಂಬುದನ್ನು ಬರೆದಿಡುವ ಪುಸ್ತಕವೆಂಬ ಅರ್ಥವು ಅದಕ್ಕೆ ಈಚೆಗೆ ಅಂಟಿಕೊಂಡಿತು. ಹಳೆಯ ಅರ್ಥವು ಮಾತ್ರ ಸಂಪೂರ್ಣವಾಗಿ ಬಿಟ್ಟುಹೋಗಲಿಲ್ಲ. ಶಾಲೆಯ ಹುಡುಗನಿಗೆ ದಿನಚರಿಯನ್ನು ಬರೆಯೆಂದು ಹೇಳಿದರೆ ಅವನು ಬೆಳಗ್ಗೆ ಎದ್ದೆನೆಂದೂ ಹಲ್ಲುಜ್ಜಿದೆನೆಂದೂ ಸ್ನಾನ ಮಾಡಿದೆನೆಂದೂ ಆರಂಭಿಸುತ್ತಾನೆ. ಅಧ್ಯಾಪಕರು ಇದನ್ನು ಬಾಲಿಶವೆಂದು ಕೆಂಪು ಮಸಿಯಲ್ಲಿ ಹೊಡೆದುಹಾಕುವರು. ಪಾಪ, ಆ ಹುಡುಗನು ತನಗರಿಯದೆಯೇ ವಾಗ್ಭಟನ ಕ್ರಮವನ್ನು ಚಾಚೂ ತಪ್ಪದೆ ಅನುಸರಿಸಿರುತ್ತಾನೆ!

ನಡೆದುದನ್ನು ನಮೂದಿಸುವುದಕ್ಕೆ ಕನ್ನಡದಲ್ಲಿದ್ದ ಮಾತುಗಳು ಬೇರೆ: ದಿನವಹಿ, ಕೀರ್ದಿ, ರೋಜನಾಮೆ. ಇವೆಲ್ಲವೂ ಲೆಕ್ಕದ ಮನೆಯ ಮಾತುಗಳೇ ಹೊರತು ಮನಸ್ಸಿಗೆ ಸೇರಿದುವಲ್ಲ. ಭಾಷೆಯು ಹೀಗೆ ವಿಧಿಗೊಂದು ಹೆಸರನ್ನೂ ಲೆಕ್ಕಕ್ಕೊಂದು ಹೆಸರನ್ನೂ ಇಟ್ಟು, ಅನುಭವದ ನಿತ್ಯಲೇಖನಕ್ಕೆ ಹೆಸರಿಡದೆ ಬಿಟ್ಟುದು ಆಕಸ್ಮಿಕವೆಂದು ತೋರುವುದಿಲ್ಲ.

ಇನ್ನು ಸೀಮೆಯ ವಿಚಾರ. ಆಳಂದದ ಕಡೆಯಲ್ಲಿ ಹುಟ್ಟಿದ ಅಮರಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುವುದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಹರಿಯುವುದು. ಮೂರು ತಾಲ್ಲೂಕುಗಳನ್ನು ನೀರು ಹೀಗೆ ಹೆಣೆದಿರುವಂತೆಯೇ ಮೂರು ಬಗೆಯ ಬರಹಗಳು ಇಲ್ಲಿ ಹೆಣೆದುಕೊಂಡಿವೆ.

ಆಳಂದದಿಂದ ಆರಂಭಿಸಬಹುದು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ದೊರೆತ, ಸುಮಾರು 1200ರದೆಂದು ವಿದ್ವಾಂಸರು ಎಣಿಸಿರುವ ಶಾಸನವನ್ನು ಫ್ಲೀಟ್ ಮಹಾಶಯನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದನು. ಕುಂತಲದೇಶದ ಅಲಂದೆಯಲ್ಲಿದ್ದ ಶ್ರೀವತ್ಸಗೋತ್ರದ ಪುರುಷೋತ್ತಮಭಟ್ಟನ ಮಗನಾದ ರಾಮನು ಏಕಾಂತದ ರಾಮಯ್ಯನೆಂದು ಪ್ರಸಿದ್ಧನಾದುದನ್ನೂ, ಹುಲಿಗೆರೆಗೂ ಅಲ್ಲಿಂದ ಅಬ್ಬಲೂರಿಗೂ ಹೋದುದನ್ನೂ, ಅಲ್ಲಿ ಜೈನರೊಡನೆ ಪಣವೊಡ್ಡಿ ವಾದಿಸಿದುದನ್ನೂ, ಬಿಜ್ಜಳನಿಂದ ಜಯಪತ್ರವನ್ನು ಪಡೆದುದನ್ನೂ ಆ ಶಾಸನವು ವಿಸ್ತಾರವಾಗಿ ಹೇಳುತ್ತದೆ. ಇದೇ ಪುರುಷನನ್ನು ಕುರಿತು ಹರಿಹರನ ರಗಳೆಯೊಂದುಂಟು. ಏಕಾಂತರಾಮಿತಂದೆಯ ಹೆಸರಿನಲ್ಲಿ, ‘ಎನ್ನಯ್ಯ ಚೆನ್ನರಾಮ’ ಎಂಬ ಅಂಕಿತದಿಂದ, ಕೆಲವು ವಚನಗಳೂ ಉಳಿದುಬಂದಿವೆ. ಒಬ್ಬನೇ ವ್ಯಕ್ತಿಗೆ ಕಲ್ಲು, ಕಾವ್ಯ, ವಚನ ಎಂಬ ಮೂರು ಸಾಕ್ಷಿಗಳು ದೊರೆತಿರುವುದು ಕನ್ನಡದಲ್ಲಿ ಅಪೂರ್ವ.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಚ್ಚರಿಯಾಗುವುದು. ಶಿರಸ್ಸನ್ನೇ ಅರಿದು ಒಪ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದನೆಂದು ಕಲ್ಲು ಸಾರುವ ಪವಾಡದ ದಿನದಂದು ಆತನ ಮನಸ್ಸಿನಲ್ಲಿ ಏನಿದ್ದಿತು? ಶಾಸನಕ್ಕೆ ಅದು ಬೇಡ. ಅದಕ್ಕೆ ಬೇಕಾದುವು ವಂಶ, ಸ್ಥಳ, ಅರಸು, ದತ್ತಿ, ದತ್ತಿಯ ರಕ್ಷಣೆ. ರಗಳೆಯು ಮನಸ್ಸನ್ನು ಹೊಕ್ಕು ನೋಡುವುದು ನಿಜ. ಆದರೆ ಆ ಮನಸ್ಸು ರಾಮಯ್ಯನದೆನ್ನುವುದಕ್ಕಿಂತ ಹರಿಹರನದೆನ್ನುವುದು ಹೆಚ್ಚು ಸರಿ. ವಚನವು ಮಾತ್ರ ತಾನೇ ನುಡಿದುದು. ಅಬ್ಬಲೂರಿನ ಹೆಸರನ್ನಾಗಲಿ ಆ ದಿನದ ಹೆಸರನ್ನಾಗಲಿ ಅದು ಹಿಡಿದಿಡುವುದಿಲ್ಲ. ಜೀವನದ ಅತಿಶಯವಾದ ಕ್ಷಣವು ಅದನ್ನು ಬಾಳಿದವನ ಬರಹವನ್ನು ಬಿಟ್ಟು ಉಳಿದೆಲ್ಲರ ಬರಹದಲ್ಲಿಯೂ ದಾಖಲಾಗಿದೆ. ವಚನಗಳೆಲ್ಲವೂ ದಿನಚರಿಗಳೆನ್ನುವವರು ಮೊದಲು ಈ ಒಂದು ನಿದರ್ಶನಕ್ಕೆ ಸಮಾಧಾನ ಹೇಳಬೇಕಾಗುವುದು.

ಶಾಸನವನ್ನು ಈ ಕಾರಣದಿಂದ ಹೀಗಳೆಯುವುದು ಉಚಿತವಲ್ಲ. ಚಾಳುಕ್ಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದೊಡನೆ ತನ್ನ ಹೆಸರಿನ ವರ್ಷಗಣನೆಯನ್ನೇ ಆರಂಭಿಸಿದನಷ್ಟೆ. ಅಲ್ಲಿಂದ ಮುಂದೆ ಈ ಪ್ರಾಂತದ ಲಿಪಿಕಾರರು ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನೂ ಸಂಕ್ರಾಂತಿಗ್ರಹಣಗಳನ್ನೂ ಬರೆಯುತ್ತಿದ್ದ ನಿಷ್ಠೆಯು ಯಾವ ದಿನಚರಿಕಾರನಿಗೂ ಮಾದರಿಯಾಗತಕ್ಕದ್ದು. ಒಂದು ದಿನವು ಮತ್ತೊಂದು ದಿನದಂತಲ್ಲ, ಅದಕ್ಕೆ ತನ್ನದೇ ಆದ ಗುರುತುಂಟು ಎಂಬ ಅರಿವು ಅಲ್ಲಿ ಪೂರ್ಣವಾಗಿದೆ. ಆ ಗುರುತು ದಾನವನ್ನು ಕಾಯುವುದಕ್ಕೆ ಮೀಸಲಾಯಿತು, ಅಷ್ಟೆ.

ಜೇವರ್ಗಿಯ ಷಣ್ಮುಖಸ್ವಾಮಿಗಳ ವಿಚಾರವು ಇದಕ್ಕಿಂತಲೂ ಜಟಿಲವಾದುದು. ವಿಮರ್ಶೆಯು ಅವರಿಗೆ ಸಲ್ಲಿಸಬೇಕಾದ ನ್ಯಾಯವನ್ನು ಇನ್ನೂ ಸಲ್ಲಿಸಿಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ಈ ಶಿವಯೋಗಿಗಳು ತಮ್ಮ ಗುರುವಾದ ಅಖಂಡೇಶ್ವರರ ಹೆಸರನ್ನೇ ಅಂಕಿತವಾಗಿರಿಸಿಕೊಂಡು 700ಕ್ಕೂ ಮಿಕ್ಕ ವಚನಗಳನ್ನು ರಚಿಸಿದರು. ಬಸವಾದಿಗಳ ಕಾಲಕ್ಕೂ ಇವರಿಗೂ ಐನೂರು ವರ್ಷಗಳ ಅಂತರ. ಆದುದರಿಂದ ಇವರ ವಚನಗಳನ್ನು ಹಿಂದಿನವರ ಅನುಕರಣವೆಂದೂ, ಷಟ್‌ಸ್ಥಲ ಸಿದ್ಧಾಂತಕ್ಕೆ ಬರೆದ ಉದಾಹರಣೆಗಳೆಂದೂ ತಳ್ಳಿಬಿಡುವುದು ಸುಲಭ. ಪದಗಳ ಸಾಮ್ಯವನ್ನೇ ಹಿಡಿದು ನೋಡಿದರೆ ಈ ಆಕ್ಷೇಪಕ್ಕೆ ಆಧಾರವೂ ದೊರೆಯುವುದು.

ಆದರೆ ಈ ಆಕ್ಷೇಪವು ವಚನಗಳ ದೋಷವನ್ನು ತೋರಿಸುವುದಕ್ಕಿಂತ ಅವುಗಳ ಜೋಡಣೆಯ ಪರಿಣಾಮವನ್ನು ತೋರಿಸುತ್ತದೆ. ಅಖಂಡೇಶ್ವರ ವಚನಗಳು ಷಟ್‌ಸ್ಥಲದ ಕ್ರಮದಲ್ಲಿ ನಿಂತಿವೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬುದು ಏಣಿಯ ಕ್ರಮ. ಏಣಿಯಲ್ಲಿ ಮೇಲಿನ ಮೆಟ್ಟಿಲು ಕೆಳಗಿನದಕ್ಕಿಂತ ಮೇಲೆಯೇ ಇರಬೇಕು. ಮನುಷ್ಯನ ದಿನಗಳಾದರೋ ಹಾಗೆ ಏರಿಕೊಂಡು ಹೋಗತಕ್ಕವಲ್ಲ. ಸೋಮವಾರ ಬೆಳಗಾದ ಮನಸ್ಸಿಗೆ ಮಂಗಳವಾರ ಕತ್ತಲು ಕವಿಯಬಹುದು. ಒಲವಿನ ತುದಿಯನ್ನು ಮುಟ್ಟಿದವನು ಮಾರನೆಯ ದಿನ ಚಂಚಲಚಿತ್ತದ ಮೇಲೆ ದೂರು ಹೇಳಬಹುದು. ಸ್ಥಲಗಳಿಗೆ ಅನುಸಾರವಾಗಿ ವಚನಗಳನ್ನು ವಿಂಗಡಿಸತೊಡಗಿದೊಡನೆ ದೂರುಗಳೆಲ್ಲವೂ ಒಂದು ಕಡೆಗೂ ತುಂಬಿದ ಮಾತುಗಳೆಲ್ಲವೂ ಇನ್ನೊಂದು ಕಡೆಗೂ ಸರಿದುಹೋಗುತ್ತವೆ. ಬಿದ್ದು ಎದ್ದ ದಾರಿಯು ಅಳಿದು, ಬೀಳದೆ ಏರಿದ ದಾರಿಯು ಉಳಿಯುತ್ತದೆ. ಓದುಗನಿಗೆ ಅನುಭಾವಿಯ ಬದಲು ಶಾಸ್ತ್ರಕಾರನು ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಸ್ಥಲಗಳ ಗೋಡೆಯನ್ನು ಕ್ಷಣಕಾಲ ಮರೆತು ಬಿಡಿಬಿಡಿಯಾಗಿ ಈ ವಚನಗಳನ್ನು ಓದಿದರೆ ಬೇರೊಂದು ಲಕ್ಷಣವು ಗೋಚರವಾಗುವುದು. ಒಂದೇ ಭಾವಕ್ಕೆ ಇವರು ಮತ್ತೆ ಮತ್ತೆ ಬರುತ್ತಾರೆ. ಸತಿಪತಿಭಾವ, ಗುರುವಿನ ಕರುಣೆ, ಹಿಂದಿನ ಶರಣರ ಹೆಸರಿಡಿದ ಸ್ಮರಣೆ, ತನ್ನ ಮನಸ್ಸಿನ ಮೇಲಿನ ದೂರು, ಇವು ಪುನಃ ಪುನಃ ತಲೆಯೆತ್ತುತ್ತವೆ. ಶಾಸ್ತ್ರಗ್ರಂಥದಲ್ಲಿ ಪುನರುಕ್ತಿಯು ದೋಷ; ಒಮ್ಮೆ ಸಿದ್ಧವಾದುದನ್ನು ಮತ್ತೆ ಸಾಧಿಸುವುದು ವ್ಯರ್ಥ. ನಿತ್ಯಸಾಧನೆಯ ಬರಹದಲ್ಲಿ ಅದೇ ಪುನರುಕ್ತಿಯು ಸಾಕ್ಷ್ಯವಾಗುತ್ತದೆ. ನಿನ್ನೆಯ ಸಿದ್ಧಿಯು ಇಂದಿಗೆ ಸಾಲಲಿಲ್ಲವೆಂಬುದನ್ನು ಅದು ಹೇಳುತ್ತದೆ. ಷಣ್ಮುಖಸ್ವಾಮಿಗಳ ಸತ್ತ್ವವು ಹೊಸ ಉಪಮೆಯಲ್ಲಿಲ್ಲ, ಈ ಮರಳಿಬರುವಿಕೆಯಲ್ಲಿದೆ. ಆ ಮಟ್ಟಿಗೆ ಅವರ ವಚನಗಳು ದಿನಚರಿಗೆ ಹತ್ತಿರವಾದುವು. ಬಸವಣ್ಣನವರ ಪ್ರಖರವಾದ ಆತ್ಮನಿಂದೆಯನ್ನು ಅವರಲ್ಲಿ ಹುಡುಕುವುದು ಹುಡುಕುವವನ ತಪ್ಪು.

ಅಂಕಿತದ ವಿಚಾರದಲ್ಲಿಯೂ ಒಂದು ಮಾತನ್ನು ಹೇಳಬೇಕು. ಈಗಿನ ದಿನಚರಿಯು ಯಾರನ್ನೂ ಕುರಿತು ಬರೆದುದಲ್ಲ. ಬೀಗ ಹಾಕಿದ ಪೆಟ್ಟಿಗೆಯಲ್ಲಿರುವುದೇ ಅದರ ಮರ್ಯಾದೆಯೆಂದು ತಿಳಿಯುವವರುಂಟು. ವಚನವು ಪ್ರತಿಸಲವೂ ಒಬ್ಬರನ್ನು ಸಂಬೋಧಿಸಿ ಮುಗಿಯುತ್ತದೆ. ಆ ಒಬ್ಬರು ಗುರುವೇ ಆಗಿರುವಾಗ, ಅವರ ಹೆಸರನ್ನು ಕೊನೆಗೆ ಬರೆಯುವ ಕೈಯು ಮೊದಲ ಸಾಲಿನಲ್ಲಿ ಬರೆದ ಅತಿಶಯೋಕ್ತಿಯನ್ನು ಒಮ್ಮೆ ತಿರುಗಿ ನೋಡಲೇಬೇಕಾಗುವುದು. ತಾರೀಖು ದಿನವನ್ನು ನೆನಪಿಗೆ ತರಬಲ್ಲುದು; ಬರೆದವನನ್ನು ಹೊಣೆಗಾರನನ್ನಾಗಿ ಮಾಡಲಾರದು. ಅಂಕಿತವು ಆ ಕೆಲಸವನ್ನು ಮಾಡುತ್ತದೆ.

ವಚನಗಳ ಜೋಡಣೆಯಿಂದ ದಿನವು ಅಳಿದುಹೋದುದು ಜೇವರ್ಗಿಯಲ್ಲಿ ಮಾತ್ರವಲ್ಲ. 15ನೆಯ ಶತಮಾನದಲ್ಲಿ ಶೂನ್ಯಸಂಪಾದನೆಯ ಕರ್ತರು ವಚನಗಳನ್ನು ಸಂವಾದವಾಗಿ ಹೆಣೆದರು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದು ವಿಷಯಗಳಿಗೆ ಅನುಸಾರವಾಗಿ ಅವನ್ನು ವಿಂಗಡಿಸಿದರು. ಬಳಿಕ ಬಂದ ಸಂಪಾದಕರು ಕರ್ತೃಗಳಿಗೆ ಅನುಸಾರವಾಗಿ ಕೂಡಿಸಿದರು. ಒಂದೊಂದು ಕ್ರಮವೂ ಒಂದೊಂದು ಉಪಕಾರವನ್ನು ಮಾಡಿದೆ. ಕಾಲಕ್ರಮವನ್ನು ಮರಳಿ ತರುವುದು ಮಾತ್ರ ಯಾವುದಕ್ಕೂ ಸಾಧ್ಯವಾಗಲಿಲ್ಲ, ಏಕೆಂದರೆ ಅದು ಮೊದಲೇ ಬರೆದಿರಲಿಲ್ಲ. ಶರಣರ ನುಡಿಗಳನ್ನು ಕಾಪಾಡಿದವನೆಂದು ವಚನಭಂಡಾರಿಯೆಂಬ ಬಿರುದನ್ನು ಪಡೆದ ಶಾಂತರಸನ ಅಂಕಿತದಲ್ಲಿ ‘ಅಲೇಖನಾದ ಶೂನ್ಯ’ ಎಂಬ ಮಾತು ಬರುವುದನ್ನು ಇಲ್ಲಿ ನೆನೆಯಬಹುದು. ಬರಹದ ಭಂಡಾರವನ್ನು ಕಾದವನು ತನ್ನ ದೈವವನ್ನು ಬರಹಕ್ಕೆ ಸಿಕ್ಕದವನೆಂದು ಕರೆದನು!

ಹಾಗಾದರೆ ಪ್ರತಿದಿನವೂ ತಪ್ಪದೆ ಬರೆಯುವ ಅಭ್ಯಾಸವು ಈ ಸೀಮೆಯಲ್ಲಿ ಇರಲೇ ಇಲ್ಲವೆ? ಧಾರಾಳವಾಗಿ ಇದ್ದಿತು, ಪೇಟೆಯ ಅಂಗಡಿಯಲ್ಲಿದ್ದಿತು. ಜೋಳ, ತೊಗರಿ, ಹತ್ತಿಗಳ ವ್ಯಾಪಾರಿಯು ದೀಪಾವಳಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಹೊಸ ಕೀರ್ದಿಯನ್ನು ಪೂಜಿಸಿ ಆರಂಭಿಸುವನು. ಹಿಂದಿನ ದಿನದ ಶಿಲ್ಕನ್ನು ಮೊದಲು ಬರೆದು, ಜಮೆಯನ್ನು ಒಂದು ಕಡೆಗೂ ಖರ್ಚನ್ನು ಒಂದು ಕಡೆಗೂ ನಮೂದಿಸಿ, ದೀಪ ಹಚ್ಚಿದ ಮೇಲೆ ಕೂಡಿ ಕಳೆದು ಆ ದಿನದ ಶಿಲ್ಕನ್ನು ತೆಗೆಯದೆ ಅವನು ಅಂಗಡಿಯ ಬಾಗಿಲನ್ನು ಹಾಕನು. ದಿನವೊಂದು ಮುಗಿಯಿತೆಂಬುದು ಸೂರ್ಯನಿಂದಲ್ಲ, ಶಿಲ್ಕಿನಿಂದ ನಿಶ್ಚಯವಾಗುತ್ತಿದ್ದಿತು. ನಿತ್ಯಲೇಖನದ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕೆನ್ನುವವರು ವಿದೇಶಗಳ ಮಹಾಪುರುಷರನ್ನು ಉದಾಹರಿಸುವರು. ಗೊತ್ತಾದ ವೇಳೆ, ಗೊತ್ತಾದ ಪುಸ್ತಕ, ಹಿಂದಿನ ಪುಟದಿಂದ ಇಂದಿನ ಪುಟಕ್ಕೆ ತಂದುಕೊಳ್ಳುವ ಬಾಕಿ, ಇವು ಮೂರನ್ನೂ ಆಳಂದದ ಪೇಟೆಯ ಯಾವ ಹಳೆಯ ಅಂಗಡಿಯಲ್ಲಿಯಾದರೂ ಕಲಿಯಬಹುದಾಗಿದ್ದಿತು. ಆದರೆ ಕೀರ್ದಿಯು ಆರಿಸುವುದಿಲ್ಲ. ಒಂದಾಣೆಯ ಬೆಲ್ಲವೂ ನೂರು ರೂಪಾಯಿಯ ಹತ್ತಿಯೂ ಅಲ್ಲಿ ಒಂದೇ ಮರ್ಯಾದೆಗೆ ಪಾತ್ರವಾಗುವುವು. ವಚನವಾದರೋ ಆರಿಸುವುದರ ಹೊರತು ಬೇರೇನನ್ನೂ ಮಾಡುವುದಿಲ್ಲ. ಮನಸ್ಸಿಗೆ ನಾಟಿದ ಕ್ಷಣವನ್ನು ಆರಿಸಿ, ಆದರೆ ಪ್ರತಿದಿನವೂ ತಪ್ಪದೆ ಬರೆಯುವ ರೂಪವು ಇವೆರಡರ ನಡುವೆ ಹುಟ್ಟಬೇಕಾಗಿದ್ದಿತು.

ಅದು ಕನ್ನಡ ಗದ್ಯದಲ್ಲಿ ಹುಟ್ಟದಿದ್ದುದಕ್ಕೆ ರಾಜಕೀಯ ಕಾರಣವೂ ಉಂಟು. ಈ ತಾಲ್ಲೂಕುಗಳು 1948ರ ಸೆಪ್ಟೆಂಬರಿನವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಮೈಸೂರು ರಾಜ್ಯವನ್ನು ಕೂಡಿದುದು 1956ರ ನವೆಂಬರ್ 1ರಂದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಚೇರಿಯಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿಯೇ ಉಚ್ಚ ಶಿಕ್ಷಣವನ್ನಿತ್ತಿತು. ಓದು ಕಲಿತವನ ಲೇಖನಿಯು ಉರ್ದುವಿಗೆ ಪಳಗಿದ್ದಿತು. ಕನ್ನಡವು ಉಳಿದುದು ಮನೆಯಲ್ಲಿ, ಹೊಲದಲ್ಲಿ, ಮಠದಲ್ಲಿ, ಹಾಡಿನಲ್ಲಿ. ದಿನವನ್ನು ಎಣಿಸುವ ರೀತಿಯೂ ಒಂದಾಗಿರಲಿಲ್ಲ. ಕಂದಾಯದ ಕಾಗದದಲ್ಲಿ ಫಸಲೀ ವರ್ಷ, ದರ್ಗಾದಲ್ಲಿ ಹಿಜರೀ, ಪಂಚಾಂಗದಲ್ಲಿ ಶಾಲಿವಾಹನ ಶಕ, ರೈಲಿನ ವೇಳಾಪತ್ರದಲ್ಲಿ ಇಂಗ್ಲಿಷ್ ತಾರೀಖು. ಒಂದೇ ದಿನಕ್ಕೆ ನಾಲ್ಕು ಹೆಸರುಗಳಿದ್ದ ಕಡೆ ತನ್ನ ದಿನಕ್ಕೆ ಯಾವ ಹೆಸರನ್ನಿಡಬೇಕೆಂಬುದೂ ಒಂದು ಪ್ರಶ್ನೆಯೇ ಆಗಿದ್ದಿತು.

ತಿಥಿಯೂ ನುಡಿಯೂ ಕೂಡಿದ ಬರಹವು ಪಾರಸಿಯಲ್ಲಿ ಮಾತ್ರ ಬೆಳೆದು ಈ ಸೀಮೆಯ ಬಾಗಿಲಿಗೆ ಬಂದಿದ್ದಿತು. ಸೂಫಿಗಳಲ್ಲಿ ಮಲ್ಫೂಜಾತ್ ಎಂಬ ಸಾಹಿತ್ಯರೂಪವುಂಟು. ಗುರುವು ಶಿಷ್ಯರ ನಡುವೆ ಕುಳಿತು ಆಡಿದ ಮಾತುಗಳನ್ನು ಶಿಷ್ಯನು ಬರೆದುಕೊಳ್ಳುವುದೇ ಅದು. ದಿಲ್ಲಿಯ ನಿಜಾಮುದ್ದೀನ್ ಔಲಿಯಾರವರ ಮಾತುಗಳನ್ನು ಕವಿ ಅಮೀರ್ ಹಸನ್ ಸಿಜ್ಜಿಯು 1308ರಿಂದ 1322ರವರೆಗೆ ವಾರ ತಾರೀಖುಗಳೊಡನೆ ಬರೆದಿಟ್ಟ ‘ಫವಾಯಿದುಲ್ ಫುಆದ್’ ಗ್ರಂಥವು ಇದಕ್ಕೆ ಮಾದರಿಯಾಯಿತು. ಆ ಕವಿಯು ಮುಂದೆ ದೌಲತಾಬಾದಿಗೆ ಬಂದು ದಖ್ಖನಿನಲ್ಲಿಯೇ ತೀರಿಕೊಂಡನು. 1400ರ ಸುಮಾರಿನಲ್ಲಿ ಕಲಬುರಗಿಯ ಖ್ವಾಜಾ ಬಂದೇನವಾಜರ ಮಾತುಗಳನ್ನು ಅವರ ಮಗನಾದ ಸೈಯದ್ ಅಕ್ಬರ್ ಹುಸೈನಿಯು ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಿಂದ ಇದೇ ರೀತಿಯಲ್ಲಿ ಸಂಗ್ರಹಿಸಿದನು. ಕಲಬುರಗಿಗೆ ಆಳಂದವು ದೂರವಲ್ಲ. ಅಲ್ಲಿಯ ಲಾಡ್ಲೆ ಮಶಾಕರ ದರ್ಗಾವು ಅದೇ ಸೂಫಿ ಲೋಕಕ್ಕೆ ಸೇರಿದುದು.

ಅಮೀರ್ ಹಸನನ ರೀತಿಯಲ್ಲಿ ಗಮನಿಸತಕ್ಕ ಒಂದು ವಿಶೇಷವುಂಟು. ಅವನು ಮೊದಲು ಗುರುವಿಗೆ ತಿಳಿಸದೆಯೇ ಬರೆಯುತ್ತಿದ್ದನು. ಬಳಿಕ ಹಾಳೆಗಳನ್ನು ಅವರ ಮುಂದೆ ಇಟ್ಟನು. ತನಗೆ ಸರಿಯಾಗಿ ಗ್ರಹಿಸಲಾಗದ ಕಡೆ ಸ್ಥಳವನ್ನು ಖಾಲಿ ಬಿಟ್ಟಿದ್ದನು. ಅದನ್ನು ಗುರುವೇ ತುಂಬಿಕೊಟ್ಟರು. ತಿಳಿಯದುದನ್ನು ಕಲ್ಪನೆಯಿಂದ ತುಂಬದೆ ಖಾಲಿ ಬಿಡುವ ಈ ಶಿಸ್ತು ಶಾಸನಕ್ಕೂ ಒದಗಿರಲಿಲ್ಲ, ರಗಳೆಗಂತೂ ಒದಗುವಂತಿರಲಿಲ್ಲ. ಮಲ್ಫೂಜಾತಿನ ಕೊರತೆಯೂ ಸ್ಪಷ್ಟವಾಗಿದೆ: ಅಲ್ಲಿ ದಿನವು ಬರೆಯುವವನದು, ಅನುಭವವು ಇನ್ನೊಬ್ಬರದು. ಗಾಣಗಾಪುರದ ನೃಸಿಂಹಸರಸ್ವತಿಗಳ ಲೀಲೆಗಳನ್ನು ಮರಾಠಿ ಓವಿಗಳಲ್ಲಿ ಹೇಳುವ ಸರಸ್ವತೀ ಗಂಗಾಧರನ ಗುರುಚರಿತ್ರೆಯು ಸಿದ್ಧ ನಾಮಧಾರಕರ ಸಂವಾದವಾಗಿದ್ದು, ಅದರಲ್ಲಿ ಶಿಷ್ಯನು ಕೇಳುವವನಾಗಿದ್ದಾನೆಯೇ ಹೊರತು ತಾರೀಖಿಟ್ಟು ಬರೆಯುವವನಾಗಿಲ್ಲ. ಆ ಗ್ರಂಥವು ಜನರಲ್ಲಿ ನಿತ್ಯಪಾರಾಯಣದ ಅಭ್ಯಾಸವನ್ನು ಬೆಳೆಸಿತು. ನಿತ್ಯಲೇಖನದ ಅಭ್ಯಾಸವು ಬೇರೆಯೇ.

ತಿಥಿಯೂ ಅಂಕಿತವೂ ಒಬ್ಬನ ಕೈಯಲ್ಲಿಯೇ ಕೂಡಿದ ಹಳೆಯ ನಿದರ್ಶನವನ್ನು ಕರ್ನಾಟಕದಲ್ಲಿ ಹುಡುಕಿದರೆ ದೊರೆಯುವುದು, ಸೋಜಿಗವೆಂದರೆ, ಟೀಪೂ ಸುಲ್ತಾನನ ಕನಸುಗಳ ಪುಸ್ತಕ. ಅವನು ತನ್ನ ಮೂವತ್ತೇಳು ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದು ಗುಪ್ತವಾಗಿಟ್ಟಿದ್ದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದು ಹೊರಬಿದ್ದಿತು. ಹಗಲನ್ನು ಗುಮಾಸ್ತರಿಗೆ ಬಿಟ್ಟುಕೊಟ್ಟು ರಾತ್ರಿಯನ್ನು ತಾನೇ ಬರೆದ ಅರಸನ ಈ ಪುಸ್ತಕವನ್ನು ದಿನಚರಿಯೆನ್ನುವುದೋ ರಾತ್ರಿಚರಿಯೆನ್ನುವುದೋ!

ಈಚಿನ ಕಾಲದ ಬರಹಗಳಲ್ಲಿ ಎರಡನ್ನು ಹೆಸರಿಸಿದರೆ ಸಾಕು. ಕುವೆಂಪುರವರ ‘ನೆನಪಿನ ದೋಣಿಯಲ್ಲಿ’ (1980) ಆತ್ಮಕಥೆಯಾಗಿದ್ದರೂ ತಾರುಣ್ಯದ ದಿನಚರಿಯ ಪುಟಗಳನ್ನು ತನ್ನೊಳಗೆ ಹೊತ್ತುಕೊಂಡಿದೆ. ಅಲ್ಲಿ ವೃದ್ಧನ ನೆನಪೂ ತರುಣನ ಅಂದಂದಿನ ಬರಹವೂ ಎದುರುಬದುರಾಗಿ ಕುಳಿತಿವೆ. ನೆನಪಿಗೆ ಮುಂದಿನದು ಗೊತ್ತು, ದಿನಚರಿಗೆ ಗೊತ್ತಿಲ್ಲ. ದಿನಚರಿಯ ಬೆಲೆಯೆಲ್ಲವೂ ಈ ಅಜ್ಞಾನದಲ್ಲಿದೆ. ಎಸ್. ನಿಜಲಿಂಗಪ್ಪನವರು ದೀರ್ಘಕಾಲ ತಪ್ಪದೆ ಬರೆದ ದಿನಚರಿಯು 1969ರ ಕಾಂಗ್ರೆಸ್ಸಿನ ಒಡಕನ್ನು ಕುರಿತು ಬರೆಯುವ ಇತಿಹಾಸಕಾರರಿಗೆ ಆಧಾರವಾದುದೂ ಈ ಗುಣದಿಂದಲೇ. ಅಫಜಲಪುರಕ್ಕೆ ಭೀಮೆಯ ಆಚೆಯ ನೆರೆಯಾದ ಸಿಂದಗಿಯಲ್ಲಿ 1903ರಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದು ವಿಮೋಚನೆಯ ಸ್ಮೃತಿಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದುದು 1967ರಲ್ಲಿ. ಹೋರಾಟಕ್ಕೂ ಗ್ರಂಥಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳು ಸರಿದಿದ್ದುವು. ಅದು ಇತಿಹಾಸಕ್ಕೆ ಅಮೂಲ್ಯವಾದ ಗ್ರಂಥವೇ. ಆದರೆ ಗೆದ್ದ ಮೇಲೆ ಬರೆದ ಪುಸ್ತಕದಲ್ಲಿ ಸೋಲಬಹುದೆಂದು ಹೆದರಿದ ಸಂಜೆಗೆ ಸ್ಥಳವು ಕಿರಿದಾಗುವುದು ಸಹಜ.

ಇದರ ಪ್ರಯೋಜನವು ಪಾಠದ ಕೊಠಡಿಗೂ ಸಂಬಂಧಿಸಿದುದು. ದಿನಚರಿಯನ್ನು ಬರೆಯಿಸುವ ಅಧ್ಯಾಪಕರು ಮೇಲ್ಗಡೆ ತಾರೀಖು, ಕೆಳಗೆ ಹತ್ತು ಸಾಲು ಎಂಬ ನಮೂನೆಯನ್ನು ಕೊಟ್ಟು ತೃಪ್ತರಾಗುತ್ತಾರೆ. ಜೇವರ್ಗಿಯ ಶಾಲೆಯಲ್ಲಿ ಕುಳಿತ ವಿದ್ಯಾರ್ಥಿಗೆ ಈ ನಮೂನೆಯು ದಿನವಹಿಯನ್ನು ಕಲಿಸುತ್ತದೆ, ಅಷ್ಟೆ. ಇಂದು ಕಂಡ ಒಂದನ್ನು ಮಾತ್ರ ಆರಿಸು, ಯಾರೊಬ್ಬರಿಗೆ ಹೇಳುತ್ತಿರುವೆಯೋ ಅವರ ಹೆಸರನ್ನು ಕೊನೆಗೆ ಬರೆ, ಅರ್ಥವಾಗದುದಕ್ಕೆ ಜಾಗ ಬಿಡು ಎಂದರೆ ಅವನ ಊರಿನ ಪರಂಪರೆಯೇ ಅವನ ಕೈ ಹಿಡಿಯುವುದು. ವಚನಗಳು ದಿನಚರಿಗಳೆಂದು ಅವನಿಗೆ ಬೋಧಿಸಿದರೆ ಎರಡು ಹಾನಿಗಳುಂಟು: ವಚನವನ್ನು ಅವನು ವೈಯಕ್ತಿಕವಾದ ಗೊಣಗಾಟವೆಂದು ತಿಳಿಯುವನು, ತನ್ನ ದಿನಚರಿಯಲ್ಲಿ ಅನುಭಾವದ ಭಾಷೆಯನ್ನು ಕಡ ತಂದು ಹೇರುವನು. ಎರಡನೆಯ ಹಾನಿಯೇ ದೊಡ್ಡದು.

ಈ ವಿಭಾಗಕ್ಕೆ ಒಗ್ಗದ ಒಂದು ನಿದರ್ಶನವು ಉಳಿದಿದೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರು 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ಮಧ್ಯಭಾಗದವರೆಗೆ ಬಾಳಿದ ತತ್ತ್ವಪದಕಾರರು. ಚೆನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಮೊದಲಾದವರು ಅವರ ಶಿಷ್ಯರು. ಜಾತಿಮತಗಳ ಎಣಿಕೆಯು ಆ ಬಳಗದಲ್ಲಿ ನಿಲ್ಲಲಿಲ್ಲ. ಕಡಕೋಳದ ಪದಗಳಲ್ಲಿ ತಿಥಿಯಿಲ್ಲ. ಅಂಕಿತವುಂಟು, ಆದರೆ ಹಾಡುವವನು ಬದಲಾದಂತೆಲ್ಲಾ ಆ ಅಂಕಿತದ ಹಿಂದಿನ ‘ನಾನು’ ಎಂಬುದೂ ಬದಲಾಗುತ್ತದೆ. ಹೊಲದ ಕೆಲಸ, ಸಂಸಾರದ ಜಂಜಾಟ, ಊರಿನ ಡಂಭಾಚಾರ, ಉರ್ದು ಬೆರೆತ ಆಡುಮಾತು, ಎಲ್ಲವೂ ಅವುಗಳಲ್ಲಿ ಬಂದು ಸೇರಿವೆ. ಷಣ್ಮುಖಸ್ವಾಮಿಗಳ ವಚನಗಳಿಗಿಂತ ಅಂದಂದಿನ ಬದುಕು ಇಲ್ಲಿ ಹೆಚ್ಚಾಗಿ ಕಾಣುತ್ತದೆಂಬುದನ್ನು ಒಪ್ಪಲೇಬೇಕು. ಆದರೂ ಇವು ಒಬ್ಬನ ದಿನಗಳಲ್ಲ. ಏಕತಾರಿ, ತಾಳ, ದಿಮ್ಮುಗಳನ್ನು ಹಿಡಿದು ರಾತ್ರಿಯ ಭಜನೆಗೆ ಕುಳಿತವರು ಗುರುಸ್ತುತಿಯಿಂದ ಮೊದಲುಮಾಡಿ ಮಂಗಳದಿಂದ ಮುಗಿಸುವರು. ನಡುವೆ ಯಾವ ಪದವು ಬರಬೇಕೆಂಬುದನ್ನು ರಾತ್ರಿಯು ಏರಿದ ಹೊತ್ತೂ ಕುಳಿತವರ ಮನಸ್ಸೂ ನಿರ್ಣಯಿಸುವುವು. ಮುದ್ರಿತ ಸಂಪುಟಗಳಲ್ಲಿ ಈ ಪದಗಳನ್ನು ಅಕಾರಾದಿಯಾಗಿ ಜೋಡಿಸಿದರೂ ವಿಷಯಕ್ರಮವಾಗಿ ಜೋಡಿಸಿದರೂ ಆ ಹೊತ್ತಿನ ಕ್ರಮವು ಹಾಡುವವರ ಬಾಯಲ್ಲಿಯೇ ಉಳಿಯುವುದು. ಸಂಪಾದಕರು ಪದದ ಪಾಠಾಂತರಗಳೊಡನೆ, ಅದನ್ನು ಯಾವ ಊರಿನ ಭಜನೆಯವರು ರಾತ್ರಿಯ ಯಾವ ಹೊತ್ತಿಗೆ ಹಾಡುವರೆಂಬುದನ್ನೂ ಅಡಿಯಲ್ಲಿ ಗುರುತಿಸತಕ್ಕದ್ದು.